ಬೌಷರಿನ ಕಟ್ಟಡವೊಂದು ಗೆರೆ ದಾಟಿದ್ದು

ಮಸ್ಕತ್ತಿನ ಭಾರತೀಯ ಶಾಲೆಯೊಂದರಲ್ಲಿ ನನ್ನ ಪ್ರಾಯದ ಮುಕ್ಕಾಲು ಪಾಲು ಕಳೆಯಿತು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ನಾನು ಪಾಠ ಮಾಡಿದವನಲ್ಲ. ಸುರತ್ಕಲ್ಲಿನಿಂದ ಹೊರಟಾಗ ನನ್ನ ಹತ್ತಿರ ಹೇಳಿಕೊಳ್ಳುವಂಥ ಓದು ಇರಲಿಲ್ಲ. ಅಮ್ಮನ ಜೊತೆ ಮೀನು ಮಾರ್ಕೆಟಿಗೆ ಹೋಗಿ ಹೋಗಿ ಕಲಿತ ಚೌಕಾಸಿ ಇತ್ತು, ಅಷ್ಟೆ. ಮೊದಲು ಶಾಲೆಯ ಸ್ಟೋರ್ ನೋಡಿಕೊಂಡೆ. ಆಮೇಲೆ ಬಸ್ಸುಗಳು ನನ್ನ ಪಾಲಿಗೆ ಬಂದವು. ಬಸ್ಸಿನವರನ್ನೂ ತಾಯಂದಿರನ್ನೂ ಏಕಕಾಲಕ್ಕೆ ಸಮಾಧಾನಪಡಿಸಬಲ್ಲವನು ಇವನೊಬ್ಬನೇ ಎಂದು ಗೊತ್ತಾದ ಮೇಲೆ ಅಡ್ಮಿಷನ್ನೂ ನನ್ನ ಮೇಜಿಗೇ ಬಂತು.

ಈಗ ನನ್ನ ಕುರ್ಚಿಯಲ್ಲಿ ಕೂತಿರುವ ಪ್ರತಿಮಾ ಮೊನ್ನೆ ಫೋನ್ ಮಾಡಿದ್ದಳು. "ಸರ್, ಇನ್ನೊಂದು ಪ್ರೈಮರಿ ಶಾಲೆ ಸುರು ಆಗ್ಲಿಕ್ಕುಂಟು. ಯಾವ ಏರಿಯಾದ ಮಕ್ಕಳು ಯಾವ ಶಾಲೆಗೆ ಅಂತ ನಾನೇ ಹಂಚಬೇಕಂತೆ. ಎಲ್ಲಿಂದ ಸುರು ಮಾಡುದು?" ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅಂದೆ. ಅವಳಿಗೂ, ಅವಳಂತೆ ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೂ ಬರೆಯುತ್ತಿದ್ದೇನೆ. ಮೊದಲ ಬುದ್ಧಿವಾದ ಇಲ್ಲೇ ಹೇಳಿಬಿಡುತ್ತೇನೆ: ಮ್ಯಾಪಿನಿಂದ ಮಾತ್ರ ಸುರು ಮಾಡಬೇಡಿ.

ನಮ್ಮ ಕಾಲದಲ್ಲಿ ಸುರುವಾದದ್ದೇ ಮ್ಯಾಪಿನಿಂದ. ಖುರುಮ್‌ನಿಂದ ಆಚೆಗಿದ್ದ ನಮ್ಮ ಹಳೆಯ ಶಾಲೆಯಲ್ಲಿ ಮಕ್ಕಳು ಹಿಡಿಸುತ್ತಿರಲಿಲ್ಲ. ಹಾಗಾಗಿ ಎರಡು ಪಾಳಿ. ದೊಡ್ಡ ಮಕ್ಕಳು ಬೆಳಿಗ್ಗೆ. ಒಂದು, ಎರಡನೇ ಕ್ಲಾಸಿನ ಪುಟ್ಟವರು ಮಧ್ಯಾಹ್ನದಿಂದ ಸಂಜೆಯವರೆಗೆ. ನೆತ್ತಿ ಸುಡುವ ಹೊತ್ತಿಗೆ ಬಸ್ಸು ಹತ್ತಿ, ಕತ್ತಲಾಗುವಾಗ ತೂಕಡಿಸುತ್ತಾ ಇಳಿಯುವುದು ಆ ಮಕ್ಕಳ ಪಾಡು. ಕೊನೆಗೂ ಊರಿನ ಇನ್ನೊಂದು ತುದಿಯ ಅಲ್ ಖೌದ್‌ನಲ್ಲಿ ನಾಲ್ಕನೇ ಕ್ಲಾಸಿನವರೆಗಿನ ಹೊಸ ಶಾಲೆ ಎದ್ದು ನಿಂತಿತು. ಅಲ್ಲಿ ಒಂದೇ ಪಾಳಿ, ಎಲ್ಲರಿಗೂ ಬೆಳಿಗ್ಗೆಯೇ. ಹಳೆಯ ಶಾಲೆಯಲ್ಲಿ ಮಾತ್ರ ಇನ್ನೂ ಕೆಲವು ವರ್ಷ ಎರಡು ಪಾಳಿ ತಪ್ಪುವಂತಿರಲಿಲ್ಲ. ಯಾರು ಅಲ್ಲಿಗೆ, ಯಾರು ಇಲ್ಲಿಗೆ? ಸರಕಾರ ನಮಗೆ ಗೆರೆ ಹಾಕಿ ಕೊಡುವುದಿಲ್ಲ. ನಮ್ಮ ಕಮಿಟಿಯೇ ಹಾಕಿಕೊಳ್ಳಬೇಕು.

ಕಮಿಟಿಯ ಅಧ್ಯಕ್ಷರು ಹುಬ್ಬಳ್ಳಿಯ ಕುಲಕರ್ಣಿ ಸಾಹೇಬರು. ದೊಡ್ಡ ಕಂಪನಿಯ ಎಂಜಿನಿಯರು, ಇನ್ನೂ ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ಮನಸ್ಸು. ಅವರ ಮಗನೂ ನಮ್ಮ ಶಾಲೆಯಲ್ಲೇ ಓದುತ್ತಿದ್ದ. ಶಾಲೆಯ ದಾಖಲೆಯಲ್ಲಿದ್ದ ವಿಳಾಸಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿ, ಅವರೇ ಕೂತು ಬಣ್ಣಬಣ್ಣದ ಮ್ಯಾಪ್ ಮಾಡಿದರು. ಗೋಡೆಗೆ ತೂಗು ಹಾಕಿದಾಗ ಕಣ್ಣಿಗೆ ಹಬ್ಬ. ಅದನ್ನು ನೋಡಿ, ಯಾರ ಮಕ್ಕಳು ಯಾವ ಶಾಲೆಗೆ ಎಂದು ಪೋಷಕರಿಗೆಲ್ಲ ಮೊಬೈಲಿನಲ್ಲಿ ಮೆಸೇಜು ಹೋಯಿತು.

ಮರುದಿನ ನನ್ನ ಮೇಜಿನ ಮುಂದೆ ಒಬ್ಬ ತಂದೆ ಬಂದು ನಿಂತ. ಅವನ ಮನೆ ಹಳೆಯ ಶಾಲೆಯ ಗೇಟಿನ ಎದುರು. "ಶೆಟ್ರೇ, ನಮ್ಮ ಮನೆ ಅಡಿಗೆಕೋಣೆಗೆ ನಿಮ್ಮ ಶಾಲೆಯ ಬೆಲ್ಲು ಕೇಳ್ತದೆ. ಬೆಲ್ಲಾದ ಮೇಲೆ ನನ್ನ ಮಗ ಶೂ ಹಾಕಿಕೊಳ್ಳುದು. ಅವನನ್ನು ನೀವು ಅಲ್ ಖೌದ್‌ಗೆ ಕಳಿಸ್ತೀರಾ? ಎಂಥ ಮಾಡಿದ್ದಾನೆ ಅವನು?"

ಅವನ ಹಿಂದೆಯೇ ಅಲ್ ಖೌದ್‌ನವರ ಫೋನು: ಹೊಸ ಶಾಲೆ ನಮ್ಮ ಬಾಲ್ಕನಿಯಿಂದ ಕಾಣುತ್ತದೆ, ನಮಗೆ ಹಳೆಯ ಶಾಲೆ ಯಾಕೆ ಬಂತು?

ಸಂಗತಿ ಇಷ್ಟೇ. ಒಮಾನಿನಲ್ಲಿ ಮನೆ ಬಾಗಿಲಿಗೆ ಪೋಸ್ಟ್‌ಮನ್ ಬರುವುದಿಲ್ಲ. ವಿಳಾಸ ಎಂದರೆ ಕೆಲಸ ಮಾಡುವ ಕಂಪನಿಯ ಪೋಸ್ಟ್ ಬಾಕ್ಸು. ನಮ್ಮವರೆಲ್ಲ ಅಡ್ಮಿಷನ್ ಹೊತ್ತಿಗೆ ಅದನ್ನೇ ಕೊಟ್ಟಿದ್ದರು. ಸಾಹೇಬರ ಮ್ಯಾಪಿನಲ್ಲಿ ಇದ್ದದ್ದು ಮಕ್ಕಳ ಮನೆಗಳಲ್ಲ, ತಂದೆಯಂದಿರ ಕಂಪನಿಗಳ ಅಂಚೆ ಪೆಟ್ಟಿಗೆಗಳು.

ಇದನ್ನು ಮೇಲಿನವರಿಗೆ ಹೇಳುವುದು ಹೇಗೆ? ತಪ್ಪಾಗಿದೆ ಅಂತ ನೇರವಾಗಿ ಹೇಳಿದರೆ ಅವರು ಆ ತಪ್ಪಿನ ಪರವಾಗಿಯೇ ವಾದಕ್ಕೆ ನಿಲ್ಲುತ್ತಾರೆ. ಪ್ರಶ್ನೆ ಕೇಳಬೇಕು. ನಾನು ಮ್ಯಾಪಿನ ಮುಂದೆ ನಿಂತು, "ಸರ್, ನಿಮ್ಮ ಮಗನ ಚುಕ್ಕಿ ಯಾವುದು?" ಅಂದೆ.

ಸಾಹೇಬರು ಉತ್ಸಾಹದಿಂದ ತಮ್ಮ ಮನೆಯಿದ್ದ ಖುರುಮ್ ಹತ್ತಿರ ಬೆರಳಿಟ್ಟು ಹುಡುಕಿದರು. ಇಲ್ಲ. ಕನ್ನಡಕ ಏರಿಸಿ ಹುಡುಕಿದರು. ಕೊನೆಗೆ ಸಿಕ್ಕಿದ್ದು ರುವಿಯಲ್ಲಿ, ಅವರ ಕಂಪನಿಯ ಬಾಕ್ಸಿನ ಜಾಗದಲ್ಲಿ. "ಅಯ್ಯಯ್ಯ ಶೆಟ್ರ! ಪೋಸ್ಟ್ ಆಫೀಸಿನಾಗ ಮಲಗ್ಯಾನಲ್ರೀ ನನ್ನ ಮಗ!" ಎಂದು ಅವರು ನಕ್ಕ ನಗುವಿಗೆ ಪಕ್ಕದ ಕ್ಲಾಸಿನ ಟೀಚರ್ ಇಣುಕಿ ನೋಡಿದರು.

ಎರಡನೇ ಉಪಾಯವೂ ಅವರದ್ದೇ. ಎಲ್ಲರೂ ತಮ್ಮ ಫೋನಿನಿಂದ ಮನೆಯ ಲೊಕೇಶನ್ ಕಳಿಸಲಿ. ಮೆಸೇಜು ಹೋದದ್ದು ಕೆಲಸದ ದಿನ, ಬೆಳಿಗ್ಗೆ. ಗಂಡಸರು ಆಫೀಸಿನಲ್ಲಿ ಕೂತು, ಫೋನು ತೋರಿಸಿದ ಜಾಗವನ್ನೇ ಒತ್ತಿ ಕಳಿಸಿದರು. ಮ್ಯಾಪಿನಲ್ಲಿ ಮತ್ತೆ ಕಂಪನಿಗಳೇ ಮೂಡಿದವು. ಹಾಗಾದರೆ ರಜೆಯ ದಿನ ಕೇಳೋಣ ಎಂದು ಶುಕ್ರವಾರ ಬೆಳಿಗ್ಗೆ ಕೇಳಿದೆವು. ಮಂಗಳೂರು, ಉಡುಪಿಯ ಕೊಂಕಣಿ ಕ್ರಿಶ್ಚಿಯನ್ನರು ಇಲ್ಲಿ ಶುಕ್ರವಾರವೇ ಚರ್ಚಿನ ಪೂಜೆಗೆ ಹೋಗುವವರು. ಅವರ ಚುಕ್ಕಿಗಳೆಲ್ಲ ಇಗರ್ಜಿಯ ಕಂಪೌಂಡಿನಲ್ಲಿ ಬಿದ್ದವು. "ಶೆಟ್ರ, ಇಷ್ಟು ಮಂದಿ ಒಂದ ಕಂಪೌಂಡಿನಾಗ ಇದ್ದರ ಒಂದ ಬಸ್ಸು ಸಾಕಲ್ರೀ" ಅಂದರು ಸಾಹೇಬರು.

ಆಗ ನಾನು ಅಂದೆ: "ಸರ್, ಮುಂದಿನ ಶುಕ್ರವಾರ ಮಧ್ಯಾಹ್ನ ಕೇಳುವ. ಬಿರಿಯಾನಿ ಆದ ಮೇಲೆ. ಆ ಹೊತ್ತಿಗೆ ಈ ಊರಿನಲ್ಲಿ ಎಲ್ಲರೂ ಮನೆಯಲ್ಲಿ ಅಡ್ಡಾಗಿರ್ತಾರೆ." ಹಾಗೆಯೇ ಆಯಿತು. ಒಂದೇ ಮಧ್ಯಾಹ್ನದಲ್ಲಿ ಇಡೀ ಮಸ್ಕತ್ತು ತನ್ನ ತನ್ನ ಹಾಸಿಗೆಗೆ ಬಂದು ಬಿತ್ತು. ಜನ ಯಾವ ಹೊತ್ತಿಗೆ ಎಲ್ಲಿರುತ್ತಾರೆ ಎಂಬುದನ್ನು ಮೊದಲು ಕಲಿಯಿರಿ. ಅವರು ಎಲ್ಲಿಯವರು ಎಂಬುದು ತಾನಾಗಿ ತಿಳಿಯುತ್ತದೆ. ಈ ಮಧ್ಯಾಹ್ನದ ನಿದ್ದೆಯ ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೊಸ ಮ್ಯಾಪಿನ ಮೇಲೆ ಸಾಹೇಬರು ಗೆರೆ ಎಳೆದರು. ಎರಡು ಶಾಲೆಗಳಿಗೂ ಇರುವ ಕಿಲೋಮೀಟರು ಅಳೆದು, ಯಾವುದು ಹತ್ತಿರವೋ ಅದಕ್ಕೆ. ಗೆರೆ ಎರಡು ಶಾಲೆಗಳ ನಡುವಿನ ಬಡಾವಣೆ ಬೌಷರಿನ ಮಧ್ಯೆ ಹಾದುಹೋಯಿತು. ಒಂದು ನಿಯಮ ನಾನು ಸೇರಿಸಿದೆ: ಒಬ್ಬರಿಗೆ ಅಂತ ವಿನಾಯಿತಿ ಇಲ್ಲ. ಒಬ್ಬರಿಗೆ ಕೊಟ್ಟರೆ ಸಾಯಂಕಾಲದೊಳಗೆ ಅವರ ಮೆಟ್ಟಿಲಿನವರೆಲ್ಲ ಬಂದು ಸಾಲು ನಿಲ್ಲುತ್ತಾರೆ. ಬದಲಾವಣೆ ಬೇಕಿದ್ದರೆ ಇಡೀ ಕಟ್ಟಡ ಕೇಳಬೇಕು, ಬಸ್ಸು ಇಡೀ ಕಟ್ಟಡಕ್ಕೆ ಬರಬೇಕು.

ಆ ನಿಯಮದ ಶಾಯಿ ಆರುವ ಮೊದಲೇ ರೀಟಾ ಬಾಯಿ ಬಂದರು. ಕಿನ್ನಿಗೋಳಿಯವರು, ಖುರುಮ್‌ನ ಒಂದು ಕ್ಲಿನಿಕ್ಕಿನ ಕೌಂಟರಿನಲ್ಲಿ ಕೆಲಸ. ಗಂಡನದೂ ಬೆಳಗಿನಿಂದ ಸಂಜೆಯವರೆಗೆ ಆಫೀಸು. ಮಗ ರೋಹನ್ ಮೂರನೇ ಕ್ಲಾಸು, ಬೆಳಗಿನ ಪಾಳಿ. ಮಗಳು ಅನಿಶಾ ಒಂದನೇ ಕ್ಲಾಸು, ಮಧ್ಯಾಹ್ನದ ಪಾಳಿ. ಅವರ ಕಟ್ಟಡ ಬೌಷರಿನಲ್ಲಿ, ಗೆರೆಯಿಂದ ಸ್ವಲ್ಪವೇ ಈಚೆ. ಅಂದರೆ ಹಳೆಯ ಶಾಲೆಗೇ.

"ಶೆಟ್ರೇ, ನನ್ನ ಮಗಳು ಬೆಳಿಗ್ಗೆ ಪೂರ್ತಿ ಪಕ್ಕದ ಫ್ಲ್ಯಾಟಿನ ಸಫಿಯಾನ ಹತ್ರ. ಅವಳು ಊಟ ಮಾಡಿಸಿ ಬಸ್ಸು ಹತ್ತಿಸ್ತಾಳೆ. ರೋಹನ್ ಇಳಿಯುವ ಬಸ್ಸನ್ನೇ ಇವಳು ಹತ್ತುದು. ಅಣ್ಣ ಇಳೀಬೇಕು, ತಂಗಿ ಹತ್ತಬೇಕು. ಆ ಬಾಗಿಲಲ್ಲಿ ಅವನು ತನ್ನ ನೀರಿನ ಬಾಟ್ಲಿ ಇವಳಿಗೆ ಕೊಡ್ತಾನೆ, ಕೂತಿದ್ದ ಸೀಟು ತೋರಿಸ್ತಾನೆ. ಅಷ್ಟೇ ಅವರ ಮಾತುಕತೆ. ಸಂಜೆ ಬರುವಾಗ ಇವಳಿಗೆ ಕಣ್ಣು ಬಿಡ್ಲಿಕ್ಕಾಗುದಿಲ್ಲ. ಸಫಿಯಾನ ಗಂಡ ಕಾರಿನಲ್ಲಿ ಕರ್ಕೊಂಡು ಹೋಗ್ತೇನೆ ಅಂದ್ರು. ಇವಳು ಒಪ್ಪಲಿಲ್ಲ. ಬಸ್ಸಿನ ಬಾಗಿಲಲ್ಲಿ ಅಣ್ಣ ಸಿಗ್ತಾನಲ್ಲ, ಅದಕ್ಕೆ."

ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ಸಮಾಧಾನ ಹೇಳಿ ಕಳಿಸುತ್ತಿದ್ದೆ. "ಇಬ್ಬರನ್ನೂ ಹೊಸ ಶಾಲೆಗೆ ಹಾಕಿ ಕೊಡಿ. ಒಟ್ಟಿಗೆ ಹೋಗಿ ಒಟ್ಟಿಗೆ ಬರ್ಲಿ" ಅಂದು ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತರು.

"ಒಬ್ಬರಿಗೆ ಕೊಡ್ಲಿಕ್ಕೆ ಆಗುದಿಲ್ಲ ಬಾಯಿ. ಕಟ್ಟಡದವರನ್ನೆಲ್ಲ ಒಪ್ಪಿಸಿಕೊಂಡು ಬನ್ನಿ. ನಾನು ಕಮಿಟಿಯ ಹತ್ರ ಮಾತಾಡ್ತೇನೆ."

"ಉಳಿದವರೆಲ್ಲ ಹಮೀದಾಕ ಹೇಳಿದ ಹಾಗೆ, ಶೆಟ್ರೇ. ಅವರು ಒಪ್ಪುದಿಲ್ಲ."

ಹಮೀದಾಕ, ಅಂದರೆ ಹಮೀದಣ್ಣ, ಸಫಿಯಾನ ಗಂಡ. ಪುತ್ತೂರಿನ ಬ್ಯಾರಿ, ಹಳೆಯ ಶಾಲೆಯ ಹತ್ತಿರ ಬಟ್ಟೆ ಅಂಗಡಿ. ಕಟ್ಟಡದಲ್ಲಿ ಯಾರಿಗೆ ಫ್ರಿಜ್ಜು ಬೇಕಿದ್ದರೂ, ಯಾರ ಕಾರು ಕೆಟ್ಟರೂ ಅವರ ಬಾಗಿಲು ತಟ್ಟಬೇಕು. ಅವರ ಮಗಳು ಫಾತಿಮಾ ಅನಿಶಾಳದೇ ಕ್ಲಾಸು. ಅವಳನ್ನು ದಿನವೂ ತಾವೇ ಕಾರಿನಲ್ಲಿ ಬಿಟ್ಟು ಬರುತ್ತಿದ್ದರು. ಹಳೆಯ ಶಾಲೆ ತಮ್ಮ ಅಂಗಡಿಯ ಬಗಲಿಗೇ ಇರುವಾಗ ಅಲ್ ಖೌದ್ ಯಾಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸರಿಯಾದದ್ದೇ.

ಚೌಕಾಸಿ ಕಲಿತ ಇಬ್ಬರು ಎದುರಾದರೆ ಸರಕಿನ ಮಾತು ಮೊದಲು ಎತ್ತಿದವನಿಗೆ ನಷ್ಟ. ನಾನು ಅವರ ಅಂಗಡಿಗೆ ಹೋದದ್ದು ಮಧ್ಯಾಹ್ನ ಶಟರ್ ಎಳೆಯುವ ಹೊತ್ತಿಗೆ. ಇಲ್ಲಿ ಅಂಗಡಿಗಳು ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುತ್ತವೆ. ನಡುವಿನ ಹೊತ್ತು ಊಟಕ್ಕೆ, ನಿದ್ದೆಗೆ. ಹಮೀದಾಕ ಶಟರಿನ ಕೊಕ್ಕೆ ಹಿಡಿದು ಬಾಯಿ ತುಂಬ ಆಕಳಿಸುತ್ತಿದ್ದರು.

"ಬನ್ನಿ ಬನ್ನಿ ಶೆಟ್ರೇ. ಶಾಲೆಯ ವಿಷಯ ಆದ್ರೆ ಮೊದಲೇ ಹೇಳ್ತೇನೆ, ಆಗುದಿಲ್ಲ."

"ಶಾಲೆ ಯಾರಿಗೆ ಬೇಕು ಮಾರಾಯ್ರೆ. ನನಗೊಂದು ಲುಂಗಿ ಬೇಕಿತ್ತು. ನೀವು ಎಂಥದು, ಕಣ್ಣೆಲ್ಲ ಕೆಂಪಗೆ ಉಂಟಲ್ಲ? ಮಧ್ಯಾಹ್ನ ಮಲಗುದಿಲ್ವಾ?"

"ಮಲಗುದಾ!" ಹಮೀದಾಕ ಕೊಕ್ಕೆಯನ್ನು ಗೋಡೆಗೆ ಒರಗಿಸಿದರು. "ಅಂಗಡಿ ಮುಚ್ಚಿ ಬೌಷರಿಗೆ ಓಡ್ಬೇಕು. ಮಗಳನ್ನು ಹತ್ತಿಸಿಕೊಳ್ಬೇಕು. ಇಲ್ಲಿಗೇ ವಾಪಸ್ ಬಂದು ಶಾಲೆಗೆ ಬಿಡ್ಬೇಕು. ಪುನಃ ಮನೆಗೆ ಹೋಗಿ ತಣ್ಣಗಾದ ಅನ್ನ ತಿಂದು ಕೈ ತೊಳೆಯುವಾಗ ಅಂಗಡಿ ತೆಗೆಯುವ ಹೊತ್ತಾಗ್ತದೆ. ಈ ರಸ್ತೆಯಲ್ಲಿ ಎಲ್ಲ ಅಂಗಡಿಯವರೂ ಮಲಗ್ತಾರೆ. ನಾನೊಬ್ಬ ಮೂರ್ಖ, ಬಿಸಿಲಲ್ಲಿ ಕಾರು ಓಡಿಸ್ತಾ ಇರ್ತೇನೆ."

ನಾನು ಲುಂಗಿಯ ಅಂಚು ನೋಡುತ್ತಾ ನಿಂತೆ. ಚೌಕಾಸಿಯಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಇದು. ಬಾಯಿ ಮುಚ್ಚಿಕೊಂಡಿದ್ದರೆ ಎದುರಿನವನೇ ಲೆಕ್ಕ ಹಾಕುತ್ತಾನೆ.

ಹಮೀದಾಕ ಹಾಕಿದರು. "ಅಲ್ಲ ಶೆಟ್ರೇ, ಆ ಹೊಸ ಶಾಲೆ ಬೆಳಿಗ್ಗೆಯೇ ಅಲ್ವಾ?"

"ಯಾವ ಶಾಲೆ?"

"ನೀವು ಭಾರೀ ಹುಷಾರು! ಅಲ್ ಖೌದ್‌ನದ್ದು."

"ಓ ಅದಾ. ಹೌದು, ಬೆಳಿಗ್ಗೆಯೇ. ನಮ್ಮ ಡ್ರೈವರ್ ಸಲೀಮನ ಬಸ್ಸು ಬೆಳಿಗ್ಗೆ ಕರ್ಕೊಂಡು ಹೋಗ್ತದೆ, ಮಧ್ಯಾಹ್ನ ಕಟ್ಟಡದ ಬಾಗಿಲಿಗೆ ತಂದು ಬಿಡ್ತದೆ. ನೀವು ಮನೆಗೆ ಬರುವ ಹೊತ್ತಿಗೆ ಫಾತಿಮಾ ತಟ್ಟೆ ಹಾಕಿ ಕೂತಿರ್ತಾಳೆ."

ಹಮೀದಾಕ ಸ್ಟೂಲಿನ ಮೇಲೆ ಕೂತರು. ಬಿಸಿ ಅನ್ನ, ಮಗಳು ಪಕ್ಕದಲ್ಲಿ, ಆಮೇಲೆ ಎಸಿ ಹಾಕಿಕೊಂಡು ಒಂದು ನಿದ್ದೆ: ಇಷ್ಟೂ ಅವರ ಮುಖದ ಮೇಲೆ ಒಂದೊಂದಾಗಿ ಬಂದು ಹೋಯಿತು. ಆದರೂ ವ್ಯಾಪಾರಿ ವ್ಯಾಪಾರಿಯೇ. ಸುಮ್ಮನೆ ಒಪ್ಪಿದರೆ ಮರ್ಯಾದೆಗೆ ಕಮ್ಮಿ. "ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟು ನನ್ನ ಮಗಳಿಗೆ. ಅದಿಲ್ಲದಿದ್ರೆ ಮಾತೇ ಬೇಡ."

"ಅಯ್ಯೋ, ಆ ಸೀಟಾ?" ನಾನು ತಲೆ ಕೆರೆದುಕೊಂಡೆ. ಸ್ವಲ್ಪ ಹೊತ್ತು ಒದ್ದಾಡಿದೆ. "ಆಯ್ತು, ನಿಮಗೋಸ್ಕರ ಕೊಟ್ಟೆ."

ಪ್ರತಿಮಾ, ಆ ಸೀಟನ್ನು ನಾನು ಪ್ರತಿ ಬಸ್ಸಿನಲ್ಲೂ ಮೊದಲಿನಿಂದ ಖಾಲಿ ಇಟ್ಟುಕೊಳ್ಳುತ್ತಿದ್ದೆ. ಮಾತುಕತೆಗೆ ಹೋಗುವಾಗ ಕೊನೆಗೆ ಕೊಡಲಿಕ್ಕೆ ಅಂತ ಒಂದನ್ನು ಕಿಸೆಯಲ್ಲಿಟ್ಟುಕೊಂಡೇ ಹೋಗಬೇಕು. ಕೊಡುವಾಗ ಸ್ವಲ್ಪ ಸಂಕಟಪಡಬೇಕು. ಲುಂಗಿಯನ್ನೂ ಕೊಂಡೆ. ಚೆನ್ನಾಗಿದೆ, ಈಗಲೂ ಉಡುತ್ತೇನೆ.

ಮುಂದಿನ ಶುಕ್ರವಾರ ನಮಾಜು ಮುಗಿಸಿ ಬಂದ ಹಮೀದಾಕ ಫ್ಲ್ಯಾಟಿನಿಂದ ಫ್ಲ್ಯಾಟಿಗೆ ಹೋಗಿ ಹೊಸ ಶಾಲೆಯನ್ನು ಬಟ್ಟೆ ಮಾರುವ ಹಾಗೆ ಮಾರಿದರಂತೆ. ಕ್ಲಾಸು ದೊಡ್ಡದು, ಗೋಡೆ ಹೊಸದು, ಟೀಚರು ಹಳಬರು. ಹಿಂದೆ ರೀಟಾ ಬಾಯಿ ಸಫಿಯಾ ಮಾಡಿದ ಪತ್ತಿರ್ ಎಂಬ ಅಕ್ಕಿರೊಟ್ಟಿಯ ಡಬ್ಬಿ ಹಿಡಿದು ನಿಂತಿದ್ದರಂತೆ. ಮೂರನೇ ಮಾಳಿಗೆಯಲ್ಲಿ ಒಬ್ಬರು ಮಾತ್ರ ಒಪ್ಪಲಿಲ್ಲ. ಅವರ ಹೆಂಡತಿ ಒಳಗಿನಿಂದಲೇ, "ದಿನಾ ಸಂಜೆ ತೂಕಡಿಸುವ ಮಗುವಿಗೆ ಅನ್ನ ತಿನ್ನಿಸುದು ನೀವಾ ನಾನಾ?" ಎಂದು ಕೇಳಿದ ಮೇಲೆ ಅವರೂ ಒಪ್ಪಿದರು. ಶನಿವಾರವೇ ರೀಟಾ ಬಾಯಿಯ ಫೋನು: "ಶೆಟ್ರೇ, ಇಡೀ ಕಟ್ಟಡ ಆಯ್ತು. ಈಗ ನಿಮ್ದು."

ನನ್ನದು ಅಷ್ಟು ಸುಲಭವಿರಲಿಲ್ಲ. ಕುಲಕರ್ಣಿ ಸಾಹೇಬರು ಗೆರೆಯ ಮುಂದೆ ಕೈಕಟ್ಟಿ ನಿಂತರು. "ಕಿಲೋಮೀಟರ್ ನೋಡ್ರೀ ಶೆಟ್ರ. ಆ ಕಟ್ಟಡಕ್ಕ ಹಳೇ ಶಾಲೀನ ಹತ್ತಿರ. ಇವತ್ತ ಒಂದು ಕಟ್ಟಡ ಸರಿಸಿದರ ನಾಳೆ ಎಲ್ಲಾರೂ ಬರ್ತಾರ. ಏನಂತ ಹೇಳ್ಲಿ ನಾನು?"

ಅವರ ಮಾತಿನಲ್ಲಿ ನ್ಯಾಯವಿತ್ತು. ಒಬ್ಬ ತಾಯಿಯ ಕಷ್ಟ ಹೇಳಿ ಅವರ ಮನಸ್ಸು ಕರಗಿಸಬಹುದಿತ್ತು. ಕರಗಿದ ಮನಸ್ಸು ಮರುದಿನ ಕಮಿಟಿಯ ಮುಂದೆ ಮತ್ತೆ ಗಟ್ಟಿಯಾಗುತ್ತದೆ. ಅವರಿಗೆ ಬೇಕಾದದ್ದು ನಾಲ್ಕು ಜನರ ಮುಂದೆ ಹೇಳಬಹುದಾದ ಕಾರಣ. "ಸರ್, ಒಂದೆರಡು ದಿನ ಬೆಳಿಗ್ಗೆ ನನ್ನ ಜೊತೆ ಬನ್ನಿ. ಆಮೇಲೆ ನೀವು ಹೇಳಿದ ಹಾಗೆ" ಅಂದೆ.

ಮೊದಲ ದಿನ ಶಾಲೆಯ ಹೊತ್ತಿಗೆ ಆ ಕಟ್ಟಡದಿಂದ ಹಳೆಯ ಶಾಲೆಗೆ ನನ್ನ ಕಾರಿನಲ್ಲಿ ಹೊರಟೆವು. ಬೆಳಿಗ್ಗೆ ಮಸ್ಕತ್ತಿನ ಕಾರುಗಳೆಲ್ಲ ಒಂದೇ ಕಡೆಗೆ, ಖುರುಮ್, ರುವಿಯ ಆಫೀಸುಗಳ ಕಡೆಗೆ ಹೋಗುತ್ತವೆ. ನಾವೂ ಅದರ ನಡುವೆ. ಸಾಹೇಬರು ಮೊದಲು ಪೇಪರು ಓದಿದರು. ಪೇಪರು ಮುಗಿಯಿತು. ಧಾರವಾಡದ ನೀರಿನ ಬಗ್ಗೆ, ಅತ್ತೆಯ ಮನೆಯ ಬಗ್ಗೆ ಹೇಳಿದರು. ಅದೂ ಮುಗಿಯಿತು. ಶಾಲೆ ಬರಲಿಲ್ಲ.

ಮರುದಿನ ಅದೇ ಕಟ್ಟಡದಿಂದ ಹೊಸ ಶಾಲೆಗೆ, ಸಲೀಮನ ಬಸ್ಸಿನಲ್ಲಿ. ಸಲೀಮ್ ಅಲ್ ಖೌದ್‌ನ ಒಮಾನಿ, ಬಸ್ಸೂ ಅವನದ್ದೇ. ಸಾಹೇಬರಿಗೆ ಡ್ರೈವರಿನ ಹಿಂದಿನ ಆ ಸೀಟನ್ನೇ ಕೊಟ್ಟ. "ಯಲ್ಲಾ, ಬಡಾ ಬಚ್ಚಾ!" ಎಂದು ಗೇರು ಹಾಕಿದ. ನಮ್ಮ ಕಡೆಯ ರಸ್ತೆ ಬರಿದಾಗಿ ಬಿದ್ದಿತ್ತು. ಎದುರಿನ ಕಡೆಯಲ್ಲಿ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಸಾಹೇಬರು ಕಿಟಕಿಗೆ ಮುಖ ಹಚ್ಚಿ, ಗುರುತಿನವರು ಕಂಡಾಗ ಕೈಬೀಸಲಿಕ್ಕೆ ಸುರುಮಾಡಿದರು. ಹೊಸ ಶಾಲೆಯ ಮುಂದೆ ಬಸ್ಸು ನಿಂತಾಗ ಗೇಟಿಗೆ ಇನ್ನೂ ಬೀಗ.

"ಗೇಟ ತಗದಿಲ್ಲಲ್ರೀ ಶೆಟ್ರ!"

"ತೆಗೆಯುವ ಹೊತ್ತಾಗಿಲ್ಲ ಸರ್. ನಾವು ಬೇಗ ಬಂದದ್ದು."

ಸಲೀಮ್ ಪಕ್ಕದ ಕೆಫೆಟೇರಿಯಾದ ಮುಂದೆ ಹಾರನ್ ಹೊಡೆದು ಮೂರು ಕರಕ್ ಚಹಾ ತರಿಸಿದ. ಸಾಹೇಬರು ಬಸ್ಸಿನ ಮೆಟ್ಟಿಲ ಮೇಲೆ ಕೂತು ಕುಡಿದರು. ಕಾಗದದ ಲೋಟ ಮುಗಿಯುವ ಹೊತ್ತಿಗೆ ಅವರೇ ಹೇಳಿದರು: "ಕಿಲೋಮೀಟರ್ ಸುಳ್ಳ ಹೇಳ್ತಾವಲ್ರೀ. ಗೆರಿ ಎಳೀಬೇಕಾದ್ದು ಬೆಳಗಿನ ಟ್ರಾಫಿಕ್ ನೋಡಿ." ನಾನು ಬಹಳ ಆಶ್ಚರ್ಯಪಟ್ಟವನ ಹಾಗೆ ನೋಡಿದೆ. "ಹೌದಲ್ವಾ ಸರ್! ನನಗೆ ಹೊಳೆದೇ ಇರಲಿಲ್ಲ."

ಅವರು ನನ್ನ ಮುಖವನ್ನೇ ನೋಡಿ, "ಸಾಕ ಬಿಡ್ರೀ ನಾಟಕ" ಎಂದು ಲೋಟ ಮುದುಡಿ ನನ್ನ ಕೈಗಿಟ್ಟರು. ಕಮಿಟಿಯಲ್ಲಿ ಅವರು ಅದನ್ನು ತಮ್ಮ ಮಾತಾಗಿಯೇ ಹೇಳಿದರು, ನನಗಿಂತ ಎಷ್ಟೋ ಚೆನ್ನಾಗಿ. ಗೆರೆ ಸರಿಯಿತು. ಬೌಷರಿನ ಆ ಕಟ್ಟಡದ ಜೊತೆ ಅದೇ ರಸ್ತೆಯ ಇನ್ನೂ ಹಲವು ಕಟ್ಟಡಗಳು ಈಚೆಯಿಂದ ಆಚೆಗೆ ಹೋದವು. ಯಾರೂ ಜಗಳಕ್ಕೆ ಬರಲಿಲ್ಲ. ನಿಯಮ ಎಲ್ಲರಿಗೂ ಒಂದೇ ಆಗಿತ್ತು, ಕಾರಣ ಎಲ್ಲರೂ ದಿನವೂ ಕಣ್ಣಾರೆ ನೋಡುವಂಥದ್ದು.

ಹೊಸ ಶಾಲೆ ತೆರೆಯುವ ದಿನ ನಾನು ಅಲ್ ಖೌದ್‌ಗೆ ಹೋಗಬೇಕಿತ್ತು, ಅಲ್ಲಿ ರಿಬ್ಬನ್ನು, ಲಾಡು, ಭಾಷಣ ಎಲ್ಲ ಇದ್ದವು. ಹೋಗಲಿಲ್ಲ. ಬೌಷರಿನ ಕಟ್ಟಡದ ಮುಂದೆ ಲಾಂಡ್ರಿ ಅಂಗಡಿಯ ನೆರಳಿನಲ್ಲಿ ನಿಂತೆ. ಶಾಲೆ ತೆರೆಯುವುದು ಗೇಟಿನಲ್ಲಲ್ಲ, ಬಸ್ಸಿನ ಬಾಗಿಲಲ್ಲಿ ಎಂಬುದು ನನ್ನ ನಂಬಿಕೆ.

ಮಕ್ಕಳೆಲ್ಲ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಸಾಲಾಗಿ ನಿಂತಿದ್ದರು. ಹಮೀದಾಕ ಕೆಳಗಿಳಿದು ಬಂದು, "ಸೀಟು ನೆನಪುಂಟಲ್ಲ?" ಎಂದು ನನ್ನ ಕಿವಿಯಲ್ಲಿ ಹೇಳಿ ಹೋದರು. ರೀಟಾ ಬಾಯಿ ಕೆಲಸಕ್ಕೆ ತಡವಾಗಿ ಬರುತ್ತೇನೆಂದು ಕೇಳಿಕೊಂಡಿದ್ದರು. ಒಂದು ಕೈಯಲ್ಲಿ ರೋಹನ್, ಇನ್ನೊಂದರಲ್ಲಿ ಅನಿಶಾ. ಇಬ್ಬರ ಕತ್ತಿನಲ್ಲೂ ಒಂದೊಂದು ನೀರಿನ ಬಾಟ್ಲಿ.

ಸಲೀಮನ ಬಸ್ಸು ಬಂದು ನಿಂತಿತು, ಬಾಗಿಲು ತೆರೆಯಿತು. ಫಾತಿಮಾ ಮೊದಲು ಹತ್ತಿ ತನ್ನ ಸೀಟಿನಲ್ಲಿ ಮಹಾರಾಣಿಯಂತೆ ಕೂತಳು. ಮುಂದಿನವಳು ಅನಿಶಾ. ಅವಳು ಮೆಟ್ಟಿಲ ಬುಡದವರೆಗೆ ಹೋಗಿ ನಿಂತುಬಿಟ್ಟಳು. ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಕೈ ಮುಂದೆ ಚಾಚಿ, ಬಾಗಿಲನ್ನೇ ನೋಡುತ್ತಾ ನಿಂತಳು.

"ಯಲ್ಲಾ ಬೇಟಿ, ಯಲ್ಲಾ!" ಅಂದ ಸಲೀಮ್.

"ಹತ್ತು ಮಗಾ" ಅಂದರು ರೀಟಾ ಬಾಯಿ.

"ವೇಟ್ ಮಮ್ಮಿ" ಅಂದಳು ಅನಿಶಾ. "ಅಣ್ಣ ಇಳೀಲಿ."

ಅವಳ ಬೆನ್ನಿಗೇ ನಿಂತಿದ್ದ ರೋಹನ್ ಅವಳ ಜಡೆ ಎಳೆದ. ಅವಳು ತಿರುಗಿ ನೋಡಿದಳು. ಬಸ್ಸಿನ ಬಾಗಿಲನ್ನು ನೋಡಿದಳು. ಮತ್ತೆ ಅವನನ್ನು ನೋಡಿದಳು. ಆಮೇಲೆ ಒಂದು ಕೂಗು ಕೂಗಿ, ಕಿಟಕಿಯ ಪಕ್ಕದ ಸೀಟು ನನಗೆ, ನನಗೆ ಎನ್ನುತ್ತಾ ಮೆಟ್ಟಿಲು ಹತ್ತಿ ಓಡಿದಳು. ಅವನೂ ಹಿಂದೆಯೇ ಓಡಿದ. ಬಸ್ಸು ಹೊರಟು ತಿರುವು ದಾಟುವವರೆಗೂ ಆ ಕಿಟಕಿಯ ಜಗಳ ನಮಗೆ ಕೇಳಿಸುತ್ತಿತ್ತು.